ಮೇಜಿನ ಆಚೆಯ ಕುರ್ಚಿ

ಎಡವಟ್ಟಿಗೆಲ್ಲ ಕಾರಣ ಒಂದು ಪ್ಲಗ್ಗು.

ಸಮುದಾಯ ಭವನದ ಮೂಲೆಯ ಕೋಣೆಯಲ್ಲಿ, 'ಹದಿಹರೆಯದವರಿಗೆ ಉಚಿತ ಆರೋಗ್ಯ ತಪಾಸಣೆ' ಎಂಬ ಬೋರ್ಡಿನಡಿ ಪ್ರತಿ ಶನಿವಾರ ಸಿಸ್ಟರ್ ಕೂರುತ್ತಿದ್ದರು. ಮೂರು ತಿಂಗಳಾದರೂ ರಿಜಿಸ್ಟರಿಗೆ ಒಂದು ಹೆಸರೂ ಬಿದ್ದಿರಲಿಲ್ಲ. ಇವತ್ತು ಸಂಜೆ ಐದರೊಳಗೆ ಒಬ್ಬರಾದರೂ ಬರದಿದ್ದರೆ ಕಾರ್ಯಕ್ರಮ ಬಂದ್ ಎಂದು ಮೇಲಧಿಕಾರಿ ಹೇಳಿಬಿಟ್ಟಿದ್ದರು. ಬಂದ್ ಆದರೆ ಸಿಸ್ಟರ್ ಸಂಬಳವೇನೂ ನಿಲ್ಲುತ್ತಿರಲಿಲ್ಲ. ಆದರೆ ಒಬ್ಬರೇ ಇರುವ ಮನೆಯಲ್ಲಿ ಶನಿವಾರ ಬಹಳ ಉದ್ದ.

"ತೂಕ ನೋಡ್ತೀನಿ, ರಕ್ತ ನೋಡ್ತೀನಿ ಅಂದ್ರೆ ಯಾವ ಮಕ್ಳು ಬರ್ತಾವೆ ಸಿಸ್ಟರ್? ಮೊಬೈಲ್ ಚಾರ್ಜಿಗೆ ಜಾಗ ಕೊಡಿ, ಇರುವೆ ಥರ ಮುತ್ಕೊಳ್ತಾವೆ" ಎಂದು ವಾಚ್‌ಮನ್ ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸ್ ತಂದಿಟ್ಟ. ಪಕ್ಕದಂಗಡಿಯ ಟೈಲರಮ್ಮ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 'ಚಾರ್ಜಿಂಗ್ ಫ್ರೀ' ಎಂದು ಗೀಚಿದರು.

ಮುತ್ತಿಕೊಂಡದ್ದು ನಿಜ. ಹದಿಮೂರು ಮಕ್ಕಳು ಬಂದು, ಹದಿಮೂರು ಫೋನು ಸಿಕ್ಕಿಸಿ, "ಆಂಟಿ, ಸ್ವಲ್ಪ ನೋಡ್ಕೊಳ್ಳಿ" ಎಂದು ಮೈದಾನಕ್ಕೆ ಓಡಿದರು. ಬಿ.ಪಿ. ಪಟ್ಟಿ ಸಿಸ್ಟರ್ ಕೈಯಲ್ಲೇ ಉಳಿಯಿತು.

ಒಂದು ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ 'ಅಮ್ಮ' ಎಂದಿತ್ತು. ತಡೆಯಲಾರದೆ ಎತ್ತಿದರು.

"ಗಾಬರಿ ಆಗ್ಬೇಡಿ, ನಾನು ನರ್ಸ್ ಮಾತಾಡ್ತಿರೋದು."

ಹಾಗೆಂದ ಮೇಲೆ ಯಾವ ತಾಯಿ ಸುಮ್ಮನಿರುತ್ತಾಳೆ? ಹತ್ತೇ ನಿಮಿಷದಲ್ಲಿ ಬಂದಿಳಿದರು, ಉಳಿದ ಹನ್ನೆರಡು ತಾಯಂದಿರ ಸಮೇತ.

"ನನ್ ಮಗನಿಗೆ ಏನಾಯ್ತು?"

"ಏನೂ ಆಗಿಲ್ಲ, ಆಡ್ತಿದಾನೆ. ಏನೂ ಆಗದೇ ಇದ್ದಾಗ್ಲೇ ಒಂದ್ಸಲ ತೋರಿಸ್ಕೊಂಡ್ರೆ..."

"ಏನೂ ಆಗದೇ ಇರೋನಿಗೆ ಯಾಕ್ರೀ ತಪಾಸಣೆ? ಸುಮ್ನೆ ಜೀವ ಬಾಯಿಗೆ ತಂದ್ರಲ್ಲ!"

ಫೋನುಗಳನ್ನೂ ಮಕ್ಕಳನ್ನೂ ಎಳೆದುಕೊಂಡು ಎಲ್ಲರೂ ಹೊರಟರು. ವಾಚ್‌ಮನ್ ಬಾಕ್ಸ್ ಸುತ್ತಿಕೊಂಡು ಮೆಲ್ಲಗೆ ಜಾರಿಕೊಂಡ.

ಐದಕ್ಕೆ ಇನ್ನು ಐದು ನಿಮಿಷ. ಕೋಣೆ ಬಣಗುಟ್ಟುತ್ತಿತ್ತು. ಸಿಸ್ಟರಿಗೆ ಅಳುವೇ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಹದಿನೈದರ ಹುಡುಗಿಯೊಬ್ಬಳು ಕಾಣಿಸಿಕೊಂಡಳು.

"ಬರ್ಲಾ ಆಂಟಿ?"

"ಬಾಮ್ಮಾ, ಬಾ! ಕೂತ್ಕೋ!" ಸಿಸ್ಟರ್ ರಿಜಿಸ್ಟರ್ ತೆರೆದರು. ಹುಡುಗಿಯೂ ಬ್ಯಾಗಿನಿಂದ ಒಂದು ರಿಜಿಸ್ಟರ್ ತೆಗೆದು ಬಿಡಿಸಿದಳು.

"ಊಟ ಒಬ್ರೇ ಮಾಡ್ತೀರಾ?" ಹುಡುಗಿಯೇ ಕೇಳಿದಳು.

"ಹೂಂ."

"ಇವತ್ತು ನಿಮ್ಮನ್ನ ಹೇಗಿದೀರಾ ಅಂತ ಯಾರಾದ್ರೂ ಕೇಳಿದ್ರಾ?"

ಸಿಸ್ಟರ್ ಬೆಳಗಿನಿಂದ ನೆನಪಿಸಿಕೊಂಡರು. "ಇಲ್ಲ. ಇದೆಲ್ಲ ಯಾಕಮ್ಮಾ?"

"ನಮ್ ಸ್ಕೂಲ್ ಕಾರ್ಯಕ್ರಮ. ಒಂಟಿಯಾಗಿರೋರನ್ನ ಹುಡುಕಿ ಮಾತಾಡಿಸೋದು. ಪ್ರತಿ ಶನಿವಾರ ನೀವು ಒಬ್ರೇ ಕೂತಿರೋದು ಕಿಟಕಿಯಿಂದ ಕಾಣ್ತಿತ್ತು."

"ನಂಗೇನೂ ಆಗಿಲ್ಲಮ್ಮಾ."

"ಏನಾದ್ರೂ ಆಗೋಕೆ ಮುಂಚೆನೇ ಬರ್ಬೇಕು ಆಂಟಿ."

ಸಿಸ್ಟರ್ ತೂಕದ ಯಂತ್ರವನ್ನು ಮುಂದಕ್ಕೆ ತಳ್ಳಿ, "ನಿನ್ ತೂಕ ಆದ್ರೂ ನೋಡ್ಲಾ?" ಎಂದರು.

"ಅಯ್ಯೋ, ನಂಗೇನಾಗಿದೆ ಆಂಟಿ? ಇಲ್ಲಿ ಸೈನ್ ಹಾಕಿ."

ಸಿಸ್ಟರ್ ಸಹಿ ಹಾಕಿದರು. ಆ ರಿಜಿಸ್ಟರಿನಲ್ಲಿ ಅದೇ ಮೊದಲ ಹೆಸರು.

"ಮುಂದಿನ ಶನಿವಾರದಿಂದ ಈ ರೂಮು ನಮಗೇ ಕೊಟ್ಟಿದಾರೆ. ಮರೀದೆ ಬನ್ನಿ" ಎಂದ ಹುಡುಗಿ ಬಾಗಿಲಲ್ಲಿ ನಿಂತು, ತಾನು ಕೂತಿದ್ದ ಕುರ್ಚಿ ತೋರಿಸಿ ಸೇರಿಸಿದಳು, "ಆಗ ಈ ಕಡೆ ಕುರ್ಚೀಲಿ ಕೂತ್ಕೋಬೇಕು, ಆಂಟಿ."