ಬಾಮೈದನ ಸರ್ವರಿನ ಹನ್ನೊಂದು ತಪ್ಪುಗಳು

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕುವುದು ಎಷ್ಟು ಸುಖ ಅಂತೀರಿ! ವರ್ಷಗಟ್ಟಲೆ ಗಣಿತದ ಉತ್ತರಪತ್ರಿಕೆ ತಿದ್ದಿದವನು ನಾನು. ಮದುವೆ ಊಟಕ್ಕೆ ಕೂತರೂ ಕೋಸಂಬರಿಗೆ ಮನಸ್ಸಿನಲ್ಲೇ ಅಂಕ ಹಾಕಿಬಿಡುತ್ತೇನೆ. ಇದಕ್ಕೆ ಹೆದರಿ ನನ್ನ ಹೆಂಡತಿ ಗಿರಿಜಾ ಹೊಸ ಅಡುಗೆ ಮಾಡುವುದನ್ನೇ ಬಿಟ್ಟಿದ್ದಾಳೆ.

ಇಂಥ ನನಗೆ ಹೊನ್ನವಳ್ಳಿಯ ಶಾಲೆಯಲ್ಲಿ ಈಗ ಕಂಪ್ಯೂಟರ್ ಪಾಠವೂ ಗಂಟುಬಿದ್ದಿದೆ. ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆಯಲು ಅದರ ಕೈಪಿಡಿಯನ್ನು ಎಂಟು ಸಲ ನೋಡುವವನು ನಾನು. ಕೈಪಿಡಿ ಇರುವುದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ ಇರುವುದು ಕೇಬಲ್ಲಿನ ಮೇಲೆ ತೆಂಗಿನ ಗರಿ ಬೀಳುವವರೆಗೆ. ಅದಕ್ಕೇ ಇಡೀ ಕೈಪಿಡಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಕೇಳಿದ ಪುಟವನ್ನು ತೆಗೆದುಕೊಡುವ ಒಂದು ಪುಟ್ಟ ಸರ್ವರನ್ನು ಅದರಲ್ಲೇ ಓಡಿಸಿದೆ. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಹೊಡೆದರೆ ಸಾಕು, ನೆಟ್ ಇಲ್ಲದೆಯೂ ಪುಟಗಳು ಪಟಪಟ ತೆರೆಯುತ್ತವೆ. ಖುಷಿಗೆ ಮೊದಲ ದಿನವೆಲ್ಲ ನೆಟ್ಟಿನ ವೈರು ಕಿತ್ತು ಕಿತ್ತು ಪರೀಕ್ಷೆ ಮಾಡಿದೆ.

"ನನ್ ಸೀರಿಯಲ್ಲಾದ್ರೂ ನೋಡಕ್ಕೆ ಬುಡ್ರೀ!" ಎಂದು ಗಿರಿಜಾ ಕೂಗಿಕೊಂಡಳು.

ಅಷ್ಟರಲ್ಲಿ ತುರುವೇಕೆರೆಯ, ನೆಟ್ಟೇ ಇಲ್ಲದ ಶಾಲೆಯೊಂದರಲ್ಲಿ ಮೇಷ್ಟ್ರುಗಳಿಗೆ ಮೂರು ದಿನದ ಪೈಥಾನ್ ತರಬೇತಿ ಎಂದಾಯಿತು. ಪಾಠ ಮಾಡುವವನು ನಾನೋ, ದಬ್ಬೇಘಟ್ಟದಲ್ಲಿ ಮೇಷ್ಟ್ರಾಗಿರುವ ನನ್ನ ಬಾಮೈದ ಲೋಕೇಶನೋ ಎಂಬುದನ್ನು ಅಲ್ಲಿನ ಹೆಡ್‌ಮಿಸ್ ತೀರ್ಮಾನಿಸಬೇಕು. ಸುಳ್ಳೇಕೆ ಹೇಳಲಿ, ನನಗೆ ಆ ಅವಕಾಶ ಬೇಕೇ ಬೇಕಿತ್ತು. ಮೇಷ್ಟ್ರುಗಳಿಗೇ ಮೇಷ್ಟ್ರಾಗುವುದು ಅಂದರೆ ಸಾಮಾನ್ಯವೇ? ಭಾನುವಾರ ಬೆಳಿಗ್ಗೆ ಲೋಕೇಶನ ಮೆಸೇಜು ಬಂತು: "ನಾನೂ ಸರ್ವರ್ ಮಾಡ್ಕಂಡೆ ಭಾವ." ಕೆಳಗೆ ವಿಳಾಸ: ಲೋಕಲ್‌ಹೋಸ್ಟ್.

ಲ್ಯಾಪ್‌ಟಾಪಿನಲ್ಲಿ ಒತ್ತಿದೆ. ಥಟ್ಟನೆ ತೆರೆಯಿತು. ಹೊಟ್ಟೆ ಉರಿಯಿತು! ಕನ್ನಡಕ ಒರೆಸಿಕೊಂಡು ತಪ್ಪು ಹುಡುಕಲು ಕೂತೆ. ಅಕ್ಷರ ತೀರಾ ಸಣ್ಣ. ಹುಡುಕುವ ಪೆಟ್ಟಿಗೆ ಕೆಲಸ ಮಾಡದು. ಕೈಪಿಡಿಯೇ ಹಳೆಯದು. ಒಮ್ಮೆ ನೋಡಿದ ಕೊಂಡಿಗಳು ನೇರಳೆ ಬಣ್ಣಕ್ಕೆ ತಿರುಗಿರುತ್ತವಲ್ಲ, ಅವನ್ನು ನೋಡಿ, ಪಾಪ, ಇವನೂ ನನ್ನಂತೆ ಅದೇ ಪಾಠದಲ್ಲಿ ಒದ್ದಾಡಿದ್ದಾನೆಂದು ನಕ್ಕೆ. ಒಟ್ಟು ಹನ್ನೊಂದು ತಪ್ಪುಗಳನ್ನು ಪಟ್ಟಿಮಾಡಿ, ‘ಅನುಭವ ಸಾಲದು’ ಎಂದು ಷರಾ ಬರೆದು, ಅವನಿಗೂ ಹೆಡ್‌ಮಿಸ್ಸಿಗೂ ಒಟ್ಟಿಗೇ ಕಳಿಸಿದೆ.

ಲೋಕೇಶ ಕೂಡಲೇ ಫೋನ್ ಮಾಡಿದ. "ಭಾವ, ಇದನ್ನೆಲ್ಲ ಎಲ್ ನೋಡುದ್ರಿ?"

"ನಿನ್ ಸರ್ವರ್‌ನಲ್ಲೇ ಕಣಪ್ಪ."

"ನಮ್ಮೂರಲ್ಲಿ ಬೆಳಗ್ಗಿಂದ ಕರೆಂಟಿಲ್ಲ, ಕಂಪ್ಯೂಟರ್ ಆಫಾಗದೆ! ಲೋಕಲ್‌ಹೋಸ್ಟ್ ಅಂದ್ರೆ ‘ನಮ್ಮನೆ’ ಅಂದಂಗೆ ಭಾವ. ಯಾರ್ ಒತ್ತುದ್ರೆ ಅವರ ಮನೇನೇ ತೆಗಿಯೋದು. ಇಬ್ಬರ್ದೂ ಒಂದೇ ವಿಳಾಸ ಅಂತ ತಮಾಷೆಗೆ ಕಳ್ಸಿದ್ದೆ. ನೀವ್ ನೋಡಿರೋದು ನಿಮ್ದೇ!"

ಪಕ್ಕದಲ್ಲೇ ಇದ್ದ ಗಿರಿಜಾ ಸೆರಗು ಬಾಯಿಗೆ ಅಡ್ಡ ಹಿಡಿದು ಕುಲುಕುಲು ನಕ್ಕಳು. "ಅನುಭವ ಸಾಲ್ದು ಅಂತ ನೀವೇ ಬರ್ಕೊಟ್ರಾ?" ಅವಳನ್ನು ನೋಡಿ ನನಗೂ ಕಣ್ಣಲ್ಲಿ ನೀರು ಬರುವಷ್ಟು ನಗು ಬಂತು. "ಹೆಡ್‌ಮಿಸ್‌ಗೆ ನಾನ್ ಹೇಳ್ಕತೀನಿ ಬುಡಿ" ಎಂದ ಲೋಕೇಶ.

ಏನು ಹೇಳಿದನೋ, ತರಬೇತಿ ಅವನ ಪಾಲಾಯಿತು. ನನ್ನ ಪಟ್ಟಿಯನ್ನೇ ಇಟ್ಟುಕೊಂಡು ತನ್ನದನ್ನು ನೀಟಾಗಿ ಮಾಡಿಕೊಂಡಿದ್ದ. ಮುಂದಿನ ಬೆಂಚಿನಲ್ಲಿ ಕೂತು ಮೂರು ದಿನ ಹುಡುಕಿದರೂ ಒಂದು ತಪ್ಪೂ ಸಿಗಲಿಲ್ಲ. ಕೊನೆಯ ದಿನ ಹೆಡ್‌ಮಿಸ್ ಎದ್ದು ನಿಂತು, "ತಮ್ ತಪ್ಪನ್ನ ತಾವೇ ಹುಡುಕಿ, ಅನುಭವ ಸಾಲದು ಅಂತ ಬರೆದುಕೊಟ್ಟು, ಚಿಕ್ಕವರಿಗೆ ಜಾಗ ಬಿಟ್ಟ ದೊಡ್ಡ ಮನುಷ್ಯರು ಇಲ್ಲಿದ್ದಾರೆ" ಎಂದು ನನ್ನತ್ತ ಕೈ ತೋರಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಿಜ ಹೇಳಲು ಅದೇ ಒಳ್ಳೆಯ ಸಮಯವಾಗಿತ್ತು. ಎದ್ದು, ತಲೆ ತಗ್ಗಿಸಿ, ವಿನಯದಿಂದ ಕೈಮುಗಿದೆ.