ಸವದತ್ತಿಯ ದನಿ ಮತ್ತು ನನ್ನ ಪಾರದರ್ಶಕತೆ

ಹೊಟ್ಟೆಕಿಚ್ಚು ಎನ್ನುವುದು ಬೇರೆಯವರಿಗೆ ಬರುವ ಕಾಯಿಲೆ ಎಂದೇ ಅರವತ್ತೆರಡು ವರ್ಷ ನಂಬಿಕೊಂಡಿದ್ದೆ. ನನಗೆ ಬರುವುದು ತತ್ವನಿಷ್ಠೆ. ಯಾರ ಕೊರಳಿಗಾದರೂ ಹಾರ ಬಿದ್ದ ದಿನ ಅದು ಸ್ವಲ್ಪ ಜಾಸ್ತಿಯಾಗುತ್ತದೆ, ಅಷ್ಟೇ.

ಬೈಲಹೊಂಗಲದಲ್ಲಿ ನಾವು ಐದು ಜನ ಸೇರಿ ಒಂದು ಟ್ರಸ್ಟ್ ನಡೆಸುತ್ತೇವೆ. ಕಣ್ಣು ಕಾಣದವರಿಗೆ ಮೊಬೈಲಿನಲ್ಲಿ ಕನ್ನಡ ಓದಿ ಹೇಳುವ ತಂತ್ರಾಂಶ ನಮ್ಮದು. ಪೂರ್ತಿ ಪುಕ್ಕಟೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಪ್ಪು ಕಂಡರೆ ತಿದ್ದುಪಡಿ ಕಳಿಸಬಹುದು. ಅದಕ್ಕೊಂದು ದನಿ ಬೇಕಾಗಿತ್ತು. ಕಾಲೇಜಿನ ಲೈಬ್ರರಿಯನ್ ಆಗಿ ನಿವೃತ್ತನಾದ ನಾನು ಮೂವತ್ತು ವರ್ಷ ಅಲ್ಲಿನ ಎಲ್ಲ ಸಮಾರಂಭಗಳ ನಿರೂಪಣೆ ಮಾಡಿದವನು. ಜೇನುತುಪ್ಪ ನೆಕ್ಕಿ ಗಂಟಲು ಹದ ಮಾಡಿಕೊಂಡು ಕರೆಗಾಗಿ ಕಾಯುತ್ತಿದ್ದೆ. ನಾನು ರಾಮದುರ್ಗಕ್ಕೆ ಮದುವೆಗೆ ಹೋದ ಭಾನುವಾರ, ಉಳಿದ ನಾಲ್ವರು ಮುನವಳ್ಳಿಯಲ್ಲಿ ಚಹಾ ಕುಡಿಯುತ್ತ ಸಭೆ ಮಾಡಿ, ನಮ್ಮ ಟ್ರಸ್ಟಿಯೇ ಆದ ಸವದತ್ತಿಯ ಶಾಲಾ ಶಿಕ್ಷಕಿ ಶಿವಲೀಲಾ ಅಕ್ಕೋರ ದನಿಯನ್ನು ಆರಿಸಿಬಿಟ್ಟರು. ಅಕ್ಕೋರು ಆ ನಾಲ್ವರಲ್ಲಿ ಒಬ್ಬರು!

ಮನೆಗೆ ಬಂದರೆ ಅಲ್ಲೂ ಅವರೇ. ನನ್ನ ಹೆಂಡತಿ ಗಂಗವ್ವ ರೊಟ್ಟಿ ಬಡಿಯುತ್ತ ಮೊಬೈಲಿನಿಂದ ಪೇಪರ್ ಓದಿಸಿ ಕೇಳುತ್ತಾಳೆ. "ಅಕ್ಕೋರು ಎಷ್ಟ ಚಂದ ಓದತಾರ ನೋಡ್ರಿ!" ಎನ್ನುತ್ತಾಳೆ. ಇಷ್ಟು ವರ್ಷ ನಾನು ಪೇಪರ್ ಓದಿ ಹೇಳಿದಾಗ ಒಮ್ಮೆಯೂ ಹೀಗೆ ಅಂದವಳಲ್ಲ. ನಾನು ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದುಬಿಡುತ್ತಿದ್ದೆ.

ಮುಂದಿನ ಸಭೆಯಲ್ಲಿ ಮೇಜು ಗುದ್ದಿದೆ. "ಇದು ಪಾರದರ್ಶಕ ಹೆಂಗ ಆಗತೈತ್ರಿ? ನಡಾವಳಿ ಎಲ್ಲಾ ವೆಬ್‌ಸೈಟಿಗೆ ಹಾಕ್ರಿ. ಯಾರ ಹಿತಾಸಕ್ತಿ ಏನೈತಿ, ಎಲ್ಲಾರೂ ಬರದು ಕೊಡ್ರಿ. ಜನ ಅದಕ್ಕೂ ತಿದ್ದುಪಡಿ ಕಳಸ್ಲಿ, ಏಳು ದಿನದಾಗ ಉತ್ತರ ಕೊಡಬೇಕು!" ಅಕ್ಕೋರು ತಕರಾರು ತೆಗೆಯಲಿ, ಹಿಡಿಯೋಣ ಎಂದುಕೊಂಡಿದ್ದೆ. ಅವರೋ, "ಸರ್ ಹೇಳೂದು ಬರೋಬ್ಬರಿ ಐತ್ರಿ. ಅವತ್ತ ನಾನು ಎದ್ದು ಹೊರಗ ಹೋಗಬೇಕಾಗಿತ್ತು, ತಪ್ಪಾತು" ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಇಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ನಾನು ಮಾಡಿದೆ.

ಅಕ್ಕೋರು ತಮ್ಮ ಹಾಳೆಯಲ್ಲಿ 'ದನಿ ನನ್ನದೇ. ಆಯ್ಕೆಯಾಗಲಿ ಎಂಬ ಆಸೆ ಇತ್ತು' ಎಂದು ಬರೆದರು. ನಾನು ನನ್ನದರಲ್ಲಿ 'ಹಿತಾಸಕ್ತಿ: ಇಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಎರಡೂ ವೆಬ್‌ಸೈಟಿಗೆ ಹೋದವು.

ಮರುದಿನವೇ ನನ್ನ ಹಾಳೆಗೆ ಒಂದು ತಿದ್ದುಪಡಿ ಬಂತು. 'ಇಲ್ಲ' ಎಂಬುದನ್ನು ತೆಗೆದು 'ಹೊಟ್ಟೆಕಿಚ್ಚು' ಎಂದು ಹಾಕಬೇಕು. ಆಧಾರ: ಮನೆಯಲ್ಲಿ ಕಣ್ಣಾರೆ ಕಂಡದ್ದು. ಕಳಿಸಿದವರು: ಗಂಗವ್ವ.

"ಏನ ಹಚ್ಚೀಯ ಇದು? ತಗದ ಹಾಕು!" ಎಂದು ಅಡುಗೆಮನೆಗೆ ನುಗ್ಗಿದೆ.

"ನಾ ಯಾಕ ತಗೀಲ್ರಿ? ರೂಲ್ಸ್ ನಿಮ್ಮದ ಐತಿ. ಸುಳ್ಳಿದ್ರ ಸುಳ್ಳ ಅಂತ ಬರೀರಿ, ಮಂದಿ ಓದ್ಲಿ," ಎಂದು ರೊಟ್ಟಿ ತಿರುವಿದಳು.

ಆರು ದಿನ ಉತ್ತರ ಬರೆದೆ, ಅಳಿಸಿದೆ. ಒಮ್ಮೆ ಎರಡು ಪುಟ ಬರೆದು ನಾನೇ ಓದಿಕೊಂಡೆ. ಪ್ರತಿ ಸಾಲಿನಲ್ಲೂ ಅಕ್ಕೋರ ಹೆಸರಿತ್ತು. ಏಳನೆಯ ದಿನ ಕಣ್ಣು ಮುಚ್ಚಿ 'ಒಪ್ಪಿದೆ' ಒತ್ತಿದೆ.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಆ ಪುಟ ಜೋರಾಗಿ ಕೇಳಿಸಿತು. ನನ್ನ ಹೆಸರು, ನನ್ನ ಹುದ್ದೆ, ಆಮೇಲೆ ಶಿವಲೀಲಾ ಅಕ್ಕೋರ ದನಿಯಲ್ಲಿ, "ಹಿತಾಸಕ್ತಿ: ಹೊಟ್ಟೆಕಿಚ್ಚು." ಸ್ಪಷ್ಟವಾಗಿತ್ತು, ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಹೇಳುತ್ತೇನೆ, ಆ ಶಬ್ದವನ್ನು ನಾನು ಓದಿದ್ದರೆ ಇನ್ನೂ ಭಾವ ತುಂಬಿ ಓದುತ್ತಿದ್ದೆ.