ಗ್ರೇಸ್ ಮೇಡಂ ತರಗತಿಗೆ ಇಣುಕಿದ್ದು

ಮೇಷ್ಟ್ರುಗಳಿಗೆ ಒಂದು ಚಟವಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾರಿಡಾರಿನಲ್ಲಿ ಹೋಗುವಾಗ ಪಕ್ಕದ ತರಗತಿಯೊಳಗೆ ಇಣುಕುವುದು. ಅಲ್ಲಿ ಹುಡುಗರು ನಗುತ್ತಿದ್ದರೆ ಹೊಟ್ಟೆಕಿಚ್ಚು, ತೂಕಡಿಸುತ್ತಿದ್ದರೆ ಒಂಥರಾ ಸಮಾಧಾನ. ತುರುವೇಕೆರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುವ ನನಗೆ ಈ ಚಟ ಕೊಂಚ ಜಾಸ್ತಿ. ಹಾಗಾಗಿಯೇ, ಉಗಾಂಡಾದ ವಿಶ್ವವಿದ್ಯಾಲಯವೊಂದರ ಜೊತೆ ಆನ್‌ಲೈನಿನಲ್ಲಿ ಪಾಠ ಅದಲುಬದಲು ಮಾಡಿಕೊಳ್ಳಲು ಯಾರು ಸಿದ್ಧ ಎಂದು ಪ್ರಿನ್ಸಿಪಾಲರು ಕೇಳಿದಾಗ, ಉಳಿದವರೆಲ್ಲ ಮೇಜು ನೋಡುತ್ತಿದ್ದರೆ ನಾನು ಕೈ ಎತ್ತಿಬಿಟ್ಟೆ.

ಅಲ್ಲಿಯ ನನ್ನ ಜೋಡಿ ಗ್ರೇಸ್ ಮೇಡಂ. ಮೊದಲ ದಿನವೇ, ಏನೋ ಉಪಕಾರ ಮಾಡಲು ಹೊರಟವನ ಧಾಟಿಯಲ್ಲಿ, "ನಿಮ್ಮಲ್ಲಿ ಆನ್‌ಲೈನ್ ಪಾಠವನ್ನು ಅಧ್ಯಾಪಕರು ಒಪ್ಪಿಕೊಂಡಿದ್ದಾರೆಯೇ?" ಎಂದು ಕೇಳಿದೆ. "ಸಭೆಯಲ್ಲಿ ಎಲ್ಲರೂ ಒಪ್ಪುತ್ತಾರೆ. ಹೊರಗೆ ಬಂದು ಚಹಾ ಕುಡಿಯುವಾಗ ಯಾರೂ ಒಪ್ಪುವುದಿಲ್ಲ. ಕರೆಂಟ್ ಇದ್ದಾಗ ನೆಟ್‌ವರ್ಕ್ ಇರುವುದಿಲ್ಲ, ನೆಟ್‌ವರ್ಕ್ ಬಂದಾಗ ಕರೆಂಟ್ ಹೋಗಿರುತ್ತದೆ," ಎಂದರು. ಈಕೆ ನಮ್ಮ ಸ್ಟಾಫ್ ರೂಮಿಗೆ ಯಾವಾಗ ಬಂದು ಹೋದರೋ ಎಂದು ಅನುಮಾನವಾಯಿತು. ಆಫ್ರಿಕಾದ ಬಗ್ಗೆ ಹೊಸದೇನಾದರೂ ತಿಳಿದೀತು ಅಂದುಕೊಂಡಿದ್ದವನಿಗೆ ಸ್ವಲ್ಪ ನಿರಾಸೆಯೂ ಆಯಿತು.

ಮೊದಲ ಪಾಠ ನನ್ನದು, ಕೊಬ್ಬರಿ ಬೆಲೆಯ ಬಗ್ಗೆ. ಮನೆಯ ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ತರಗತಿ ದೊಡ್ಡದೆಂದು ಮೇಡಂ ಹೇಳಿದ್ದರು, ಪರದೆಯ ಮೇಲೆ ನೋಡಿದರೆ ಏಳೇ ಹೆಸರು. ಸಿಟ್ಟಿನಲ್ಲಿ ದನಿ ಏರಿತು. ಅಡುಗೆಮನೆಯಿಂದ ನನ್ನ ಹೆಂಡತಿ ಗೌರಿ ಬಂದು, "ಏಳು ಜನಕ್ಕೆ ಇಷ್ಟು ಕಿರುಚಬೇಕೇನ್ರೀ? ನಿಮ್ ದನಿ ಉಗಾಂಡಾಕ್ಕೆ ಕಂಪ್ಯೂಟ್ರಿಲ್ದೇನೇ ಹೋಯ್ತದೆ," ಎಂದಳು.

"ನಿಮ್ಮ ಹುಡುಗರಿಗೆ ಆಸಕ್ತಿ ಇದ್ದಂತಿಲ್ಲ," ಎಂದು ಮೇಡಂಗೆ ಬಿಗಿಯಾಗಿಯೇ ಹೇಳಿದೆ. ಅವರು ತಮ್ಮ ಫೋನನ್ನು ಕ್ಯಾಂಪಸ್ಸಿನ ಕಡೆ ತಿರುಗಿಸಿದರು. ಮರದ ಕೆಳಗೆ, ಮೆಟ್ಟಿಲ ಮೇಲೆ, ಗೋಡೆಯ ನೆರಳಲ್ಲಿ, ಒಂದೊಂದು ಫೋನಿನ ಸುತ್ತ ಒಂದೊಂದು ಗುಂಪು. ಎಲ್ಲರ ಬಳಿಯೂ ಡೇಟಾ ಇರಲಿಲ್ಲ, ಇದ್ದವರ ಸುತ್ತ ಉಳಿದವರು ತಲೆಗೆ ತಲೆ ತಾಗಿಸಿ ಕೂತಿದ್ದರು. ನನ್ನ ಏಳು ಹೆಸರು ಅಂದರೆ ಏಳು ಗುಂಪು.

ಪಾಠ ಮುಂದುವರಿಯಿತು. ತೆಂಗಿನಕಾಯಿಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದಲ್ಲಿ ಒಣಗಿಸಿ ಕೊಬ್ಬರಿ ಮಾಡುತ್ತೇವೆ ಎಂದಾಗ ಒಬ್ಬ ಹುಡುಗ, "ಅಲ್ಲಿಯವರೆಗೆ ಆ ಮನೆಯವರು ಊಟಕ್ಕೇನು ಮಾಡುತ್ತಾರೆ?" ಎಂದು ಕೇಳಿದ. ಎಷ್ಟೋ ವರ್ಷದ ನನ್ನ ಪಾಠದಲ್ಲಿ ಯಾರೂ ಕೇಳದ ಪ್ರಶ್ನೆ. ಅಷ್ಟಿಷ್ಟು ಕಾಯಿ ಹಸಿಯಾಗಿಯೇ ಮಾರುವುದು, ಹಸುವಿನ ಹಾಲು ಡೇರಿಗೆ ಹಾಕುವುದು ಎಲ್ಲ ಹೇಳುತ್ತಾ ಹೋದೆ, ಅವರು ಕೇಳುತ್ತಾ ಹೋದರು. ಗಂಟೆ ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ.

ಮರುವಾರ ಗ್ರೇಸ್ ಮೇಡಂ ನಮ್ಮ ಹುಡುಗರಿಗೆ ಪಾಠ ಮಾಡಿದರು. ಪರದೆ ತುಂಬ ಹೆಸರುಗಳು. ನನಗೆ ಒಳಗೊಳಗೇ ಹೆಮ್ಮೆ. ಸ್ವಲ್ಪ ಹೊತ್ತಾದ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ಸದ್ದಿಲ್ಲ. ಇನ್ನೊಂದು ಕೇಳಿದರು. ಆಗಲೂ ಸದ್ದಿಲ್ಲ. "ನೆಟ್‌ವರ್ಕ್ ತೊಂದರೆ ಇರಬೇಕು," ಎಂದು ಅವರೇ ನನ್ನ ಮಾನ ಉಳಿಸಿದರು.

ಸಂಜೆ ನನ್ನ ತರಗತಿಯ ಹುಡುಗ, ಶೆಟ್ಟಿಕೆರೆಯ ಮಂಜನಿಗೆ ಫೋನ್ ಮಾಡಿದೆ. "ಎಲ್ಲೋಗಿದ್ಯೋ?"

"ಅಲ್ಲೇ ಇದ್ದೆ ಸಾ. ಹೆಸ್ರು ಇತ್ತಲ್ಲ."

"ಇದ್ದವನು ಯಾಕೆ ಬಾಯಿ ಬಿಡಲಿಲ್ಲ?"

"ಆಯಮ್ಮ ಪ್ರಶ್ನೆ ಕೇಳುದ್ರು ಸಾ. ನೀವು ಯಾವತ್ತೂ ಕೇಳಲ್ವಲ್ಲ. ಗಾಬ್ರಿ ಆಗೋಯ್ತು."

ಸೋಮವಾರ ತರಗತಿಗೆ ಹೋದವನೇ ಪುಸ್ತಕ ಮುಚ್ಚಿಟ್ಟು, "ಇವತ್ತು ನೀವು ಕೇಳಿ, ಏನು ಬೇಕಾದರೂ ಕೇಳಿ," ಎಂದೆ. ತುಂಬ ಹೊತ್ತು ಕಾದ ಮೇಲೆ ಹಿಂದಿನ ಬೆಂಚಿನಿಂದ ಮಾಯಸಂದ್ರದ ಭಾಗ್ಯ ಎದ್ದು ನಿಂತಳು. ನನ್ನ ಎದೆಯುಬ್ಬಿತು.

"ಸಾರ್, ಇನ್ಮೇಲೆ ಈ ಪಾಠ ಆ ಮೇಡಮ್ಮೋರೇ ಮಾಡ್ತಾರಾ, ಇಲ್ಲ ನೀವೇನಾ?"

"ನಾನೇ ಕಣಮ್ಮ," ಎಂದೆ.

"ಸರಿ ಸಾರ್," ಎಂದು ಭಾಗ್ಯ ಮೆಲ್ಲಗೆ ಕೂತಳು. ನಾನು ಮತ್ತೆ ಪುಸ್ತಕ ತೆರೆದೆ.